ಬೇಕು ಎನ್ನದ ಬಾಯಿ

ಆಫೀಸಿನಲ್ಲಿ ಕಾಫಿ ಕೊಟ್ಟರು. ಅಲ್ಲಿಗೇ ವರ್ನೀಸಳಿಗೆ ಅನುಮಾನ ಬಂತು.

ಮೀನಿನ ಕಾರ್ಖಾನೆಗೆ ಸೇರಿದ ಮೇಲೆ ಅವಳನ್ನು ಆ ಕೋಣೆಗೆ ಕರೆಸಿದ್ದೇ ಅಪರೂಪ. ಕರೆಸಿದಾಗಲೂ ಬಾಗಿಲ ಬಳಿಯೇ ನಿಲ್ಲಿಸಿ ಮಾತಾಡಿ ಕಳಿಸುತ್ತಿದ್ದರು. ಅವಳ ಬೂಟಿನಿಂದ ಮೀನಿನ ನೀರು ಸೋರುತ್ತದೆ. ಏಪ್ರನ್ನಿನಿಂದ ವಾಸನೆ ಬರುತ್ತದೆ. ಇವತ್ತು ಕುರ್ಚಿ ಎಳೆದು ಕೂರಿಸಿದರು. ಬಟ್ಟೆ ಹೊದಿಸಿದ ಕುರ್ಚಿ. ಅವಳು ಅದರ ಅಂಚಿನಲ್ಲಿ ಕೂತಳು. ಕಾಫಿ ಮುಟ್ಟಲಿಲ್ಲ.

"ಕುಡೀರಿ, ಮಿಸ್ ವರ್ನೀಸ್," ಎಂದಳು ಮೇಜಿನ ಆಚೆಯ ಹೆಂಗಸು. ಹೆಸರು ಮಿಸ್ ಕಾರ್ವರ್. ಹೆಡ್ ಆಫೀಸಿನಿಂದ ಬೆಳಿಗ್ಗೆಯಷ್ಟೇ ಕಾರಿನಲ್ಲಿ ಬಂದಿಳಿದವಳು.

ಮಿಸ್ ವರ್ನೀಸ್. ಅವಳ ಕರಿಯ ಜನರ ಚರ್ಚಿನಲ್ಲಿ ಚಿಕ್ಕವರು ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಈ ಕಟ್ಟಡದಲ್ಲಿ, ಬಿಳಿಯರ ಬಾಯಲ್ಲಿ, ತನ್ನ ಹೆಸರಿನ ಮುಂದೆ ಆ ಮರ್ಯಾದೆ ಸೇರಿಕೊಂಡದ್ದನ್ನು ವರ್ನೀಸ್ ಇವತ್ತೇ ಕೇಳುತ್ತಿರುವುದು. ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಕಿಟಕಿಯ ಬಳಿ ಪ್ರೂಯಿಟ್ ತೋಳು ಕಟ್ಟಿಕೊಂಡು ನಿಂತಿದ್ದ. ಬೆಲ್ಟಿನ ಮೇಲೆ ಬರುವ ಮೀನು ಕೊಯ್ಯುವ ಅವಳ ಲೈನಿನ ಸೂಪರ್‌ವೈಸರ್. ಅವಳ ಹಿರಿಮಗನಿಗಿಂತ ಚಿಕ್ಕವನು. ಅವನು ಅವಳನ್ನು ವರ್ನೀಸ್ ಅನ್ನುತ್ತಾನೆ. ಅವಳು ಅವನನ್ನು ಮಿಸ್ಟರ್ ಪ್ರೂಯಿಟ್ ಅನ್ನುತ್ತಾಳೆ.

"ಡೆಲ್ಫೀನಳಿಗೆ ಆದದ್ದು ನಮಗೆಲ್ಲ ಬಹಳ ನೋವಿನ ವಿಷಯ," ಮಿಸ್ ಕಾರ್ವರ್ ಹೇಳಿದಳು. "ಅವತ್ತು ನೀವು ಅವಳ ಪಕ್ಕದಲ್ಲೇ ಇದ್ರಿ, ಅಲ್ವಾ?"

"ಇದ್ದೆ."

"ಯಂತ್ರಕ್ಕೆ ಕೈ ಹಾಕು ಅಂತ ಅವಳಿಗೆ ಯಾರಾದ್ರೂ ಹೇಳಿದ್ರಾ?"

ವರ್ನೀಸ್ ಪ್ರೂಯಿಟ್‌ನ ಬೆನ್ನು ನೋಡಿದಳು. "ಅವರೇ ಹೇಳಿದ್ರು."

"ಏನಂತ? ಅವರ ಮಾತಲ್ಲೇ ಹೇಳಿ."

ಆ ಮಾತು ಅವಳಿಗೆ ಮರೆತಿರಲಿಲ್ಲ. "'ಡೆಲ್ಫೀನ್, ಆ ಚರ್ಮ ಬಿಡಿಸಿದ್ರೆ ಒಳ್ಳೇದೇನೋ. ಲೈನು ನಿಲ್ಲಿಸದೇ ಆಗತ್ತಾ ನೋಡು.' ಹಾಗಂದ್ರು."

"ಒಳ್ಳೇದೇನೋ," ಎಂದಳು ಮಿಸ್ ಕಾರ್ವರ್. ಮುಳ್ಳಿದೆಯೇ ಎಂದು ಮೀನಿನ ತುಂಡನ್ನು ಬೆರಳಲ್ಲಿ ಒತ್ತಿ ನೋಡುವ ಹಾಗೆ ಆ ಪದವನ್ನು ಒತ್ತಿ ನೋಡಿದಳು. "ಕೈ ಹಾಕಲೇಬೇಕು ಅಂದ್ರಾ?"

"ಇಲ್ಲ."

"ಹಾಕಬೇಕು ಅಂತಾದ್ರೂ?"

"ಇಲ್ಲ. ಅವರು ಹಾಗೆ ಯಾರಿಗೂ ಯಾವತ್ತೂ ಅನ್ನಲ್ಲ."

"ಹಾಗಾದ್ರೆ ಹಾಕೋದು ಬಿಡೋದು ಡೆಲ್ಫೀನಳ ಇಷ್ಟಕ್ಕೆ ಬಿಟ್ಟಿದ್ದಾಗಿತ್ತು."

ಮಿಸ್ ಕಾರ್ವರ್ ಮೆತ್ತಗಿನ ದನಿಯಲ್ಲಿ ವಿವರಿಸಿದಳು. ಯಂತ್ರದ ಮೇಲೆ ಗೋಡೆಯಲ್ಲಿ ಬರೆದೇ ಇದೆ: ಯಂತ್ರ ನಿಲ್ಲಿಸದೆ ಕೈ ಹಾಕಕೂಡದು. ಡೆಲ್ಫೀನ್ ಅದನ್ನು ಓದಬಲ್ಲಳು. ಗೊತ್ತಿದ್ದೂ ತಾನಾಗಿ ನಿಯಮ ಮುರಿದವರಿಗೆ ಪರಿಹಾರ ಕೊಡಲು ಕಂಪನಿಗೆ ಬರುವುದಿಲ್ಲ. ಕೆಲಸದಲ್ಲಿ ಇಟ್ಟುಕೊಳ್ಳಲೂ ಬರುವುದಿಲ್ಲ. ಯಾರಿಗೂ ಅವಳ ಮೇಲೆ ಸಿಟ್ಟಿಲ್ಲ. ಆದರೆ ಪಕ್ಕದಲ್ಲಿ ನಿಂತು ಕಣ್ಣಾರೆ ಕಂಡವರು ಬಾಯಿಬಿಟ್ಟು ಹೇಳಬೇಕಾಗುತ್ತದೆ.

"ನೀವು ಹೇಳಲೇಬೇಕು ಅಂತೇನಿಲ್ಲ," ಎಂದಳು. "ಯಾರ ಒತ್ತಾಯಾನೂ ಇಲ್ಲ. ಸೋಮವಾರ ಬಂದು, ಅವಳು ತಾನಾಗೇ ಕೈ ಹಾಕಿದ್ಲು ಅಂತ ಹೇಳಿದ್ರೆ ಎಲ್ರಿಗೂ ಅನುಕೂಲ ಆಗತ್ತೆ."

ಆಗ ಪ್ರೂಯಿಟ್ ತಿರುಗಿದ. "ಮಣಿಕಟ್ಟು ನೋಯತ್ತೆ ಅಂತಿದ್ದೆಯಲ್ಲ ವರ್ನೀಸ್. ಪ್ಯಾಕಿಂಗ್ ಕೋಣೇಲಿ ಒಂದು ಜಾಗ ಖಾಲಿ ಇದೆ. ಬೆಚ್ಚಗಿರತ್ತೆ, ನೆಲ ಒಣಗಿರತ್ತೆ. ಬೇಕಾದ್ರೆ ಯೋಚನೆ ಮಾಡಬಹುದು."

ಆ ಜಾಗ ಕೊಡಿ ಎಂದು ಅವಳು ಕೇಳಿ ಕೇಳಿ ಸುಸ್ತಾಗಿದ್ದಳು. ಕೇಳಿದಾಗೆಲ್ಲ ಖಾಲಿ ಇಲ್ಲ ಅಂದಿದ್ದರು. ಡೆಲ್ಫೀನಳ ಬೆರಳು ತುಂಡಾದ ವಾರವೇ ಅದು ಖಾಲಿಯಾಗಿದೆ.

"ಕಾಫಿ ಆರಿ ಹೋಯ್ತು," ಎಂದಳು ಮಿಸ್ ಕಾರ್ವರ್.

"ಆರಲಿ," ಎಂದು ವರ್ನೀಸ್ ಎದ್ದಳು.

*

ಬೇಕು ಎಂಬುದು ಆ ಕಟ್ಟಡದಲ್ಲಿ ಗೋಡೆಗಳ ಮೇಲಷ್ಟೇ ಇತ್ತು.

ಬಾಗಿಲಲ್ಲಿ: ತಲೆಗೆ ಬಲೆ ಹಾಕಲೇಬೇಕು. ನಲ್ಲಿಯ ಮೇಲೆ: ಕೈ ತೊಳೆಯಲೇಬೇಕು. ಔಷಧಿ ನೀರಿನ ತೊಟ್ಟಿಯ ಬಳಿ: ಬೂಟು ಅದ್ದಲೇಬೇಕು. ಎಲ್ಲವೂ ಕೆಂಪು ಅಕ್ಷರ. ಲೈನಿನಲ್ಲಿ ನಿಂತವರಿಗೆ ನೋಡಲು ಬೇರೇನೂ ಇರುವುದಿಲ್ಲ, ವರ್ನೀಸ್ ಅವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಒಂದು ಸಂಗತಿ ಅವಳಿಗೆ ಹೊಳೆದಿತ್ತು. ಈ ಬೇಕುಗಳೆಲ್ಲ ಮೀನಿನ ಒಳ್ಳೆಯದಕ್ಕೆ. ಮೀನಿಗೆ ಹೆಂಗಸರ ಕೂದಲು ತಾಗಬಾರದು, ಕೊಳೆ ತಾಗಬಾರದು. ಹೆಂಗಸರ ಒಳ್ಳೆಯದಕ್ಕೆ ಇದ್ದದ್ದು ಒಂದೇ ಒಂದು ಬರಹ, ಚರ್ಮ ಸುಲಿಯುವ ಯಂತ್ರದ ಮೇಲಿನದು. ಅದನ್ನು ಪಾಲಿಸಿದರೆ ಉಳಿಗಾಲವಿರಲಿಲ್ಲ.

ಯಂತ್ರದ ಪಕ್ಕ ಒಂದು ಕೆಂಪು ಗುಂಡಿ ಇದೆ. ಒತ್ತಿದರೆ ಇಡೀ ಲೈನು ನಿಲ್ಲುತ್ತದೆ, ಗಂಟೆ ಹೊಡೆದುಕೊಳ್ಳುತ್ತದೆ. ಆಗ ಪ್ರೂಯಿಟ್ ಬರುತ್ತಾನೆ. ಬೈಯುವುದಿಲ್ಲ. "ಎಲ್ಲ ಸರಿ ಇದೆಯಾ?" ಎಂದು ನಗುತ್ತಾನೆ. ಮುಂದಿನ ವಾರ ಒತ್ತಿದವಳಿಗೆ ಅರ್ಧ ದಿನಗಳ ಕೆಲಸವಷ್ಟೇ ಬರುತ್ತದೆ. ಯಾಕೆ ಎಂದು ಕೇಳಿದರೆ ಮೀನು ಕಡಿಮೆ ಅನ್ನುತ್ತಾನೆ. ಪಕ್ಕದವಳಿಗೆ ಮಾತ್ರ ಮೀನು ಕಡಿಮೆಯಾಗಿರುವುದಿಲ್ಲ.

ಹಿಂದಿನ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಿದ್ದ. ಅವನ ಮೇಲೆ ಯಾರೋ ಕೇಸು ಹಾಕಿದರು. ಆಮೇಲೆ ಕಂಪನಿ ಎಲ್ಲ ಸೂಪರ್‌ವೈಸರುಗಳನ್ನೂ ಜ್ಯಾಕ್ಸನ್ ಪಟ್ಟಣದ ಒಂದು ಹೋಟೆಲಿಗೆ ಕಳಿಸಿ ಮಾತಾಡುವುದನ್ನು ಕಲಿಸಿತು. ಬಾಯಿ ಮೆತ್ತಗಾಯಿತು. ಲೈನು ಮಾತ್ರ ಮೊದಲಿಗಿಂತ ಜೋರಾಗಿ ಓಡಿತು.

"ಇವತ್ತು ಇನ್ನೂ ಸ್ವಲ್ಪ ಹೊತ್ತು ಇರೋಕಾಗತ್ತಾ ನೋಡು." "ನಾನಾಗಿದ್ರೆ ಈಗ ಟಾಯ್ಲೆಟ್ಟಿಗೆ ಹೋಗ್ತಿರಲಿಲ್ಲ." "ಕೈ ಇನ್ನೊಂಚೂರು ಬೇಗ ಆಡಿಸಬಹುದೇನೋ." ಇವೆಲ್ಲ ಆಜ್ಞೆಗಳು. ಲೈನಿನ ಹೆಂಗಸರಿಗೆ ಅದು ಗೊತ್ತು. ಕೇಳಿದ ಕೂಡಲೇ ಅವರ ಮೈ ಅರ್ಥಮಾಡಿಕೊಳ್ಳುತ್ತದೆ, ಕೈ ಬೇಗ ಆಡುತ್ತದೆ, ಕೆಳಹೊಟ್ಟೆ ಬಿಗಿಹಿಡಿದುಕೊಳ್ಳುತ್ತದೆ. ಹೊಸದಾಗಿ ಬಂದ ಕೀಯೋನಾ ಒಬ್ಬಳಿಗೆ ಗೊತ್ತಿರಲಿಲ್ಲ. ಇರೋಕಾಗತ್ತಾ ಎಂದು ಪ್ರೂಯಿಟ್ ಕೇಳಿದಾಗ ಅವಳು ಹಲ್ಲು ಕಿರಿದು, "ಇಲ್ಲ ಸರ್, ಮಗಳನ್ನ ಕರ್ಕೊಂಡು ಬರೋಕೆ ಹೋಗಬೇಕು, ಥ್ಯಾಂಕ್ಸ್," ಎಂದು ಹೊರಟೇಹೋದಳು. ಮುಂದಿನ ವಾರ ಪೂರ್ತಿ ಅವಳು ಮಗಳ ಜೊತೆ ಮನೆಯಲ್ಲೇ ಕೂತಿದ್ದಳು.

ವರ್ನೀಸಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವಳ ಅಜ್ಜಿ ಹತ್ತಿ ಹೊಲದ ಯಜಮಾನರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಆ ಮನೆಯ ಅಮ್ಮಾವ್ರು ಒಮ್ಮೆಯೂ ದನಿ ಎತ್ತಿದವರಲ್ಲ. "ನಿನಗೆ ಬಿಡುವಾದ್ರೆ ಬೆಳ್ಳಿ ಪಾತ್ರೆ ಉಜ್ಜು," ಅನ್ನುತ್ತಿದ್ದರಂತೆ. ತನ್ನ ಮಗುವಿಗೆ ಜ್ವರ ಬಂದು ಬಿಡುವಾಗದ ಒಂದು ದಿನ ಅಜ್ಜಿಯ ಕೆಲಸ ಹೋಯಿತು. ಅಜ್ಜಿ ಸಾಯುವ ತನಕ ಆ ಮಾತನ್ನು ಅಣಕಿಸಿ ಆಡುತ್ತಿದ್ದಳು. ಮೊಮ್ಮಕ್ಕಳಿಗೆ ಏಟು ಕೊಡುವ ಮೊದಲು ಸೀರಿಯಸ್ಸಾಗಿ, "ನಿನಗೆ ಬಿಡುವಾದ್ರೆ ಒಂದು ಬೆತ್ತ ಮುರ್ಕೊಂಡು ಬಾ," ಅನ್ನುತ್ತಿದ್ದಳು.

ಹಾಗಾಗಿ ಯಾರಾದರೂ ಮೆತ್ತಗೆ ಮಾತಾಡಿದರೆ ವರ್ನೀಸ್ ಮೊದಲು ಅವರ ಕೈ ನೋಡುತ್ತಾಳೆ.

*

ಚರ್ಮ ಸುಲಿಯುವ ಯಂತ್ರದಲ್ಲಿ ಹಲ್ಲುಹಲ್ಲಿನ ಒಂದು ಉರುಳೆ ಇದೆ. ಅದರ ಮುಂದೆ ಒಂದು ಅಲಗು. ಮೂಳೆ ತೆಗೆದ ಮೀನಿನ ಹೋಳನ್ನು ಚರ್ಮ ಕೆಳಗಾಗುವಂತೆ ಇಡಬೇಕು. ಹಲ್ಲು ಚರ್ಮವನ್ನು ಹಿಡಿದು ಎಳೆಯುತ್ತದೆ, ಅಲಗು ಮಾಂಸವನ್ನು ಬಿಡಿಸುತ್ತದೆ. ಕ್ಯಾಟ್‌ಫಿಶ್ ಎಂಬ ಈ ಮೀಸೆಮೀನಿನ ಚರ್ಮ ಲೋಳೆ. ಆಗಾಗ ಅದು ಕೆಳಗೆ ಬೀಳದೆ ಉರುಳೆಗೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡರೆ ಮುಂದಿನ ಹೋಳುಗಳೆಲ್ಲ ಹರಿಯುತ್ತವೆ. ಹರಿದ ಹೋಳು ಪ್ರೂಯಿಟ್‌ಗೆ ನಷ್ಟ.

ಬಿಡಿಸುವ ಉಪಾಯ ಎಲ್ಲರಿಗೂ ಗೊತ್ತು. ಉರುಳೆ ತಿರುಗುತ್ತಿರುವಾಗಲೇ ಚರ್ಮದ ತುದಿ ಮೇಲೆ ಬರುವುದನ್ನು ಕಾಯುವುದು, ಬಂದ ಕ್ಷಣ ಎರಡು ಬೆರಳಲ್ಲಿ ಚಿವುಟಿ ಎಳೆಯುವುದು. ಬೆರಳು ಬೆಚ್ಚಗಿದ್ದರೆ ಕಷ್ಟವಲ್ಲ. ಆದರೆ ಮೀನು ಬರುವುದು ಐಸಿನಲ್ಲಿ. ಶಿಫ್ಟು ಶುರುವಾಗಿ ಸ್ವಲ್ಪ ಹೊತ್ತಿಗೇ ಬೆರಳ ತುದಿಗಳು ತಮ್ಮವೋ ಪಕ್ಕದವಳದ್ದೋ ತಿಳಿಯುವುದಿಲ್ಲ.

ಡೆಲ್ಫೀನ್ ಆ ಕೆಲಸದಲ್ಲಿ ನುರಿತವಳು. ಹಾಡಿಕೊಂಡೇ ಬಿಡಿಸುವಳು. ಅವತ್ತು ಎರಡು ಸಲ ಗುಂಡಿಯ ಕಡೆ ನೋಡಿದ್ದನ್ನು ವರ್ನೀಸ್ ಕಂಡಳು. ಬೆರಳು ಮರಗಟ್ಟಿದೆ ಎಂದು ಅದರ ಅರ್ಥ. ಆಗಲೇ ಪ್ರೂಯಿಟ್ ಬಂದು ಹಿಂದೆ ನಿಂತು ಆ ಮಾತು ಹೇಳಿದ. ಹೇಳಿ ಮುಂದೆ ಹೋದ. ಡೆಲ್ಫೀನ್ ಕೈ ಹಾಕಿದಳು. ಕೈಗವಸಿನ ರಬ್ಬರು ಹಲ್ಲಿಗೆ ಸಿಕ್ಕಿತು.

ಕಿರುಚಿದ್ದು ಡೆಲ್ಫೀನ್ ಅಲ್ಲ, ವರ್ನೀಸ್. ಗುಂಡಿ ಒತ್ತಿದ್ದೂ ವರ್ನೀಸ್. ಒತ್ತುವಷ್ಟರಲ್ಲಿ ಬಲಗೈಯ ಮೂರು ಬೆರಳು ಹೋಗಿದ್ದವು.

ಪ್ರೂಯಿಟ್ ಓಡಿ ಬಂದ. ಅವನ ಮುಖ ಬಿಳುಚಿತ್ತು. ಡೆಲ್ಫೀನಳನ್ನು ಹಿಡಿದುಕೊಂಡು ಹೋದರು. ಬೆಲ್ಟಿನ ಮೇಲೆ, ಹೋಳುಗಳ ಮೇಲೆ, ರಕ್ತ ಹರಡಿತ್ತು. ಆಗ ಅವನು ಕೂಗಿದ: "ಆ ಬೆಲ್ಟಿನ ಮೀನನ್ನೆಲ್ಲ ಎಸೀಲೇಬೇಕು! ಎಲ್ಲಾ! ಒಂದು ತುಂಡೂ ಉಳೀಕೂಡದು!"

ಇಷ್ಟು ದಿನಗಳಲ್ಲಿ ಅವನ ಬಾಯಿಂದ ಬೇಕು ಎಂಬ ಪದ ಬಂದದ್ದು ಅದೇ ಮೊದಲು. ವರ್ನೀಸ್ ಮೀನು ಎಸೆದಳು. ಬೆಲ್ಟು ತೊಳೆದಳು. ನೀರು ಕೆಂಪಗೆ ಹರಿದು ಮೋರಿಗೆ ಹೋಯಿತು. ಊಟದ ಗಂಟೆಯ ಹೊತ್ತಿಗೆ ಲೈನು ಮತ್ತೆ ಓಡುತ್ತಿತ್ತು.

*

ಶನಿವಾರ ಮಧ್ಯಾಹ್ನ ಅವಳು ಕಾಲಾರ್ಡ್ ಸೊಪ್ಪಿನ ಪಾತ್ರೆ ಹಿಡಿದು ಗಾಲಿಗಳ ಮೇಲೆ ನಿಂತ ಡೆಲ್ಫೀನಳ ತಗಡಿನ ಟ್ರೇಲರ್ ಮನೆಗೆ ಹೋದಳು. ಡೆಲ್ಫೀನ್ ಸೋಫಾದಲ್ಲಿ ಕೂತಿದ್ದಳು. ಬಲಗೈ ಬಿಳಿ ಬಟ್ಟೆಯ ದೊಡ್ಡ ಗಂಟು. ಅದನ್ನು ಮಗುವಿನ ಹಾಗೆ ದಿಂಬಿನ ಮೇಲೆ ಮಲಗಿಸಿಕೊಂಡಿದ್ದಳು.

"ಬಾರೇ," ಎಂದಳು. "ಕೈ ಕುಲುಕೋಕೆ ಮಾತ್ರ ಹೇಳಬೇಡ."

ವರ್ನೀಸಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ನೋವು ಹೇಗಿದೆ?"

"ಇಲ್ಲದೇ ಇರೋ ಬೆರಳೇ ನೋಯತ್ತೆ ಕಣೇ. ಇರೋವು ಸುಮ್ಮನಿವೆ." ಡೆಲ್ಫೀನ್ ಪಾತ್ರೆಯ ಕಡೆ ನೋಡಿದಳು. "ಸೊಪ್ಪಿಗೆ ಹಂದಿ ಮೂಳೆ ಹಾಕಿದೀಯಾ?"

"ಹಾಕಿದೀನಿ."

"ಹಾಗಾದ್ರೆ ಒಳಗಿಡು." ಆಮೇಲೆ, ಟಿ.ವಿ. ನೋಡುತ್ತಲೇ, "ಪ್ಯಾಕಿಂಗ್ ಕೋಣೆ ಬೆಚ್ಚಗಿರತ್ತಂತೆ," ಎಂದಳು.

ವರ್ನೀಸಳ ಕಿವಿ ಬಿಸಿಯಾಯಿತು. "ಯಾರು ಹೇಳಿದ್ದು?"

"ಯಾರು ಹೇಳಿದ್ರೇನು. ಕೇಳ್ತಿದೀನಿ. ಬೆಚ್ಚಗಿರತ್ತಾ?"

"ನಾನು ಹೂಂ ಅಂದಿಲ್ಲ."

"ಊಹೂಂ ಅಂದ್ಯಾ?"

ಅಂದಿರಲಿಲ್ಲ. ಕಾಫಿ ಮುಟ್ಟದೆ ಎದ್ದು ಬಂದದ್ದು ನಿಜ. ಆದರೆ ಆ ರಾತ್ರಿ ಮಣಿಕಟ್ಟು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಾಗ ಒಣಗಿದ ನೆಲದ ಯೋಚನೆ ಬಂದದ್ದೂ ನಿಜ. ಇಷ್ಟು ದಿನ ಅವಳು ಎಲ್ಲರನ್ನೂ ಅನುಮಾನದಿಂದ ನೋಡಿದ್ದಳು. ಈಗ ತನ್ನನ್ನೇ ಒಬ್ಬರು ಹಾಗೆ ನೋಡುತ್ತಿದ್ದಾರೆ. ನೋಡುವುದರಲ್ಲಿ ತಪ್ಪೂ ಇಲ್ಲ.

"ನೀನು ಗುಂಡಿ ಕಡೆ ನೋಡಿದ್ದನ್ನ ನಾನು ನೋಡಿದೆ," ಎಂದಳು ವರ್ನೀಸ್.

ಡೆಲ್ಫೀನ್ ಅವಳ ಕಡೆ ತಿರುಗಿದಳು. "ನೋಡಿದ್ಯಾ?"

"ಎರಡು ಸಲ."

"ಅವನು ಹಿಂದೆ ಬಂದು ನಿಂತ. ಅವನು ಹಾಕು ಅಂದಿದ್ರೆ, ದೇವರಾಣೆ, ನಾನು ಹಾಕಲ್ಲ ಅಂತಿದ್ದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ಅವನು ಹಾಕು ಅನ್ನಲಿಲ್ಲ. ಒಳ್ಳೇದೇನೋ ಅಂದ. ಅದಕ್ಕೆ ಏನಂತ ಉತ್ತರ ಕೊಡ್ತೀಯ? ಒಳ್ಳೇದಲ್ಲ ಅನ್ಬೇಕಾ?" ಅವಳು ದಿಂಬಿನ ಮೇಲಿನ ಕೈಯನ್ನು ನೋಡಿದಳು. "ಹೆಡ್ ಆಫೀಸಿನ ಆ ಹೆಂಗಸು ಆಸ್ಪತ್ರೆಗೂ ಬಂದಿದ್ಲು. ಹೂವು ತಂದಿದ್ಲು. 'ನೀವು ಹಾಕದೇ ಇರಬಹುದಿತ್ತಲ್ವಾ?' ಅಂತ ಕೇಳಿದ್ಲು. ನನ್ನ ಬೆರಳು ನಾನೇ ಬೇಡ ಅಂತ ಎಸೆದ ಹಾಗೆ."

ವರ್ನೀಸ್ ಸೊಪ್ಪು ಬಡಿಸಿ ತಂದಳು. ಡೆಲ್ಫೀನ್ ಎಡಗೈಯಲ್ಲಿ ಚಮಚ ಹಿಡಿಯಲು ಒದ್ದಾಡಿದಳು. ಸೊಪ್ಪು ಮಡಿಲಿಗೆ ಬಿತ್ತು. ವರ್ನೀಸ್ ಕೈ ಚಾಚಿದಳು.

"ಬೇಡ," ಎಂದಳು ಡೆಲ್ಫೀನ್. "ನಾನೇ ಕಲೀಬೇಕು."

ಮನೆಗೆ ಬರುವ ದಾರಿಯಲ್ಲಿ ವರ್ನೀಸ್ ಒಳ್ಳೇದೇನೋ ಎಂಬ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಜ್ಞೆ ಕೊಟ್ಟರೆ ಆಗುವುದಿಲ್ಲ ಅನ್ನಬಹುದು. ಸಲಹೆಗೆ ಆಗುವುದಿಲ್ಲ ಎಂದು ಹೇಗೆ ಹೇಳುವುದು? ಹೇಳಿದರೆ ನಗುತ್ತಾರೆ, ನಿನ್ನಿಷ್ಟ ಅನ್ನುತ್ತಾರೆ. ಆಮೇಲೆ ಅದಕ್ಕೆ ದಂಡ ತೆಗೆದುಕೊಳ್ಳುತ್ತಾರೆ. ಮಾಡಿದರೆ ಅದೂ ನಿನ್ನಿಷ್ಟ. ಬೇಕು ಎಂಬ ಪದವನ್ನು ಅವರು ಬಾಯಿಂದ ತೆಗೆದು ಎಸೆದದ್ದು ನಮ್ಮ ಮೇಲಿನ ಮರ್ಯಾದೆಗಲ್ಲ. ಅದರ ಭಾರ ಹೊರುವುದು ಅವರಿಗೆ ಬೇಡ. ಭಾರ ನಮ್ಮ ಮೇಲೆ, ಪದ ಗೋಡೆಯ ಮೇಲೆ.

*

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿಂದಿನ ಪೀಕನ್ ಮರದ ಕೆಳಗೆ ಲೈನಿನ ಹೆಂಗಸರು ಸೇರಿದರು. ವರ್ನೀಸ್ ತನ್ನ ಯೋಚನೆ ಹೇಳಿದಳು. ನಾಳೆಯಿಂದ ಪ್ರೂಯಿಟ್ ಒಳ್ಳೇದೇನೋ ಅಂದರೆ, ಒಳ್ಳೆಯ ಮಾತು ಎಂದು ಕೇಳಿ ಸುಮ್ಮನಿರುವುದು. ಆಗತ್ತಾ ನೋಡು ಅಂದರೆ ನೋಡುವುದು. ಅಷ್ಟೇ. ಬೇಕು ಎಂದು ಅವನು ಬಾಯಿಬಿಟ್ಟು ಹೇಳುವ ತನಕ ಕೈ ಆಡಿಸಬಾರದು.

"ಅಯ್ಯೋ ಮಿಸ್ ವರ್ನೀಸ್," ಕೀಯೋನಾ ನಕ್ಕಳು. "ನಾನು ಮೊದಲನೇ ವಾರ ಮಾಡಿದ್ದೇ ಇದು. ಆಗ ನೀವೆಲ್ಲ ನನ್ನ ದಡ್ಡಿ ಅಂದ್ರಿ!"

"ಒಬ್ಬಳು ಮಾಡಿದ್ರೆ ದಡ್ಡಿ ಕಣೇ."

"ಸರಿ, ಅವನು ಹೇಳೇಬಿಟ್ರೆ? ಹಾಕಲೇಬೇಕು ಅಂದುಬಿಟ್ರೆ?"

"ಆಗ ಆ ಮಾತು ಅವನದ್ದಾಗತ್ತೆ," ಎಂದಳು ವರ್ನೀಸ್. "ನಮ್ಮೆಲ್ಲರ ಕಿವಿ ಮುಂದೆ. ಆಮೇಲೆ ನಾನು ಹಾಕಲ್ಲ ಅಂತೀನಿ."

ಅಷ್ಟರಲ್ಲಿ ಇಮೋಜೀನ್ ಕೇಕಿನ ತಟ್ಟೆ ಹಿಡಿದು ಬಂದಳು. ಎಲ್ಲರ ಮಾತೂ ಒಮ್ಮೆಲೇ ನಿಂತಿತು. ಇಮೋಜೀನ್ ಅವರ ಜೊತೆಯಲ್ಲೇ ಚಾಕು ಹಿಡಿದು ನಿಂತವಳು. ಈಗ ಕಾರ್ಖಾನೆಯಲ್ಲಿ ಅವಳ ತಲೆಯ ಮೇಲೆ ನೀಲಿ ಟೋಪಿ. ಲೈನಿನ ಮೇಸ್ತ್ರಿ. ಪ್ರೂಯಿಟ್ ಇಲ್ಲದಾಗ ಅವನ ಮಾತನ್ನು ಅವನ ದನಿಯಲ್ಲೇ ದಾಟಿಸುವವಳು.

"ನನ್ನ ಮುಖ ಕಂಡು ನಾಲಗೆ ನುಂಗಿಕೊಂಡ್ರಾ ಎಲ್ಲಾ?" ಎಂದಳು ಇಮೋಜೀನ್.

"ಮುಖ ಅಲ್ಲಮ್ಮ, ಟೋಪಿ," ಯಾರೋ ಅಂದರು.

"ಇವತ್ತು ಚರ್ಚಿನ ಟೋಪಿ ಹಾಕಿದೀನಿ, ಕಣ್ಣು ಕಾಣ್ಸಲ್ವಾ?"

ಯಾರೂ ನಗಲಿಲ್ಲ. ಇಮೋಜೀನ್ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು. "ತಿಂದ್ರೆ ತಿನ್ನಿ," ಎಂದು ಹೊರಟುಹೋದಳು. ಅವಳು ಎಷ್ಟು ಕೇಳಿಸಿಕೊಂಡಳೋ ಯಾರಿಗೂ ತಿಳಿಯಲಿಲ್ಲ. ಪ್ಯಾಕಿಂಗ್ ಕೋಣೆಯ ಸುದ್ದಿಯನ್ನು ಡೆಲ್ಫೀನಳಿಗೆ ಮುಟ್ಟಿಸಿದ್ದು ಇವಳೇ ಇರಬೇಕು ಎಂದು ವರ್ನೀಸಳಿಗೆ ಅನ್ನಿಸಿತು. ಗೆಳತಿಗೆ ಎಚ್ಚರಿಕೆ ಕೊಡಲೋ, ಗೆಳತಿಯರ ನಡುವೆ ಕಡ್ಡಿ ಗೀರಲೋ? ಅವಳು ಕೇಕು ಮುಟ್ಟಲಿಲ್ಲ.

*

ಸೋಮವಾರ ವರ್ನೀಸಳನ್ನು ಡೆಲ್ಫೀನಳ ಯಂತ್ರಕ್ಕೇ ನಿಲ್ಲಿಸಿದ್ದರು. ಅದು ಬೇಕೆಂದೇ ಮಾಡಿದ್ದೋ ಹೇಗೋ. ಊಟದ ಬಿಡುವಿನಲ್ಲಿ ಆಫೀಸಿಗೆ ಹೋಗಬೇಕಿತ್ತು. ಮಿಸ್ ಕಾರ್ವರ್ ಆಗಲೇ ಬಂದಿದ್ದಳು. ಬಿಳಿ ಕೋಟು, ತಲೆಗೆ ಬಲೆ ಹಾಕಿಕೊಂಡು ಲೈನಿನ ಕೊನೆಯಲ್ಲಿ ನಿಂತು ನೋಡುತ್ತಿದ್ದಳು.

ಮೀನು ಬಂತು. ವರ್ನೀಸ್ ಹೋಳು ಇಟ್ಟಳು, ತೆಗೆದಳು, ಇಟ್ಟಳು. ಮಣಿಕಟ್ಟಿನ ಒಳಗೆ ಬಿಸಿ ತಂತಿ ಎಳೆದಂತಾಗುತ್ತಿತ್ತು. ಬೆರಳು ನಿಧಾನವಾಗಿ ಸತ್ತವು. ಆಮೇಲೆ ಚರ್ಮ ಉರುಳೆಗೆ ಸುತ್ತಿಕೊಂಡಿತು. ಒಂದು ಹೋಳು ಹರಿಯಿತು. ಇನ್ನೊಂದು ಹರಿಯಿತು.

ಪ್ರೂಯಿಟ್ ಹಿಂದೆ ಬಂದು ನಿಂತ. ಅವನ ಉಸಿರಿನ ಪೆಪ್ಪರ್‌ಮಿಂಟ್ ವಾಸನೆ ಅವಳಿಗೆ ಬಡಿಯಿತು.

"ವರ್ನೀಸ್, ಅದನ್ನ ಬಿಡಿಸಿದ್ರೆ ಒಳ್ಳೇದೇನೋ."

ಅವಳು ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿದಳು. ಬೆರಳು ಬಿಡಿಸಿ ಹಿಡಿದಳು. "ಹೌದು ಮಿಸ್ಟರ್ ಪ್ರೂಯಿಟ್. ಒಳ್ಳೇದೇ."

ಅವನು ಕಾದ. ಅವಳೂ ಕಾದಳು. ಹೋಳುಗಳು ಒಂದರ ಮೇಲೊಂದು ಬಂದು ಬಿದ್ದವು.

"ಏನು ಕಾಯ್ತಿದೀಯ?"

"ಮಾಡಲೇಬೇಕಾ ಅಂತ."

ಅವನು ನಕ್ಕ. "ನಾನು ಹಾಗೆಲ್ಲಿ ಅಂದೆ? ಸುಮ್ನೆ ಹೇಳಿದೆ."

"ನಾನು ಸುಮ್ನೆ ಕೇಳಿಸ್ಕೊಂಡೆ."

ಪಕ್ಕದಲ್ಲಿ ಕೀಯೋನಾ ಕೈ ಎತ್ತಿದಳು. ಅವಳ ಆಚೆಯವಳು ಎತ್ತಿದಳು. ಚಾಕುಗಳು ಹಲಗೆಯ ಮೇಲೆ ಬಿದ್ದ ಸದ್ದು ಒಂದೊಂದಾಗಿ ಕೇಳಿತು. ಬೆಲ್ಟು ಓಡುತ್ತಲೇ ಇತ್ತು. ಮೀನು ಅಂಚು ದಾಟಿ ನೆಲಕ್ಕೆ ಬೀಳತೊಡಗಿತು. ಯಾರೂ ಬಗ್ಗಿ ಎತ್ತಲಿಲ್ಲ.

"ಏನಿದು ನಾಟಕ?" ಪ್ರೂಯಿಟ್‌ನ ದನಿ ಈಗ ಹೋಟೆಲಿನಲ್ಲಿ ಕಲಿತ ದನಿಯಾಗಿರಲಿಲ್ಲ. "ನಿಮ್ಮ ಕೆಲಸ ಏನು ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ಲ ಸರ್," ಎಂದಳು ಕೀಯೋನಾ. "ನಾನು ಹೊಸಬಳು. ಬಿಡಿಸಿ ಹೇಳಬಹುದೇನೋ?"

ಯಾರೋ ಕಿಸಕ್ಕೆಂದರು. ಪ್ರೂಯಿಟ್‌ನ ಕತ್ತು ಕೆಂಪಾಯಿತು. ವರ್ನೀಸ್ ನಗಲಿಲ್ಲ. ಲೈನಿನ ಕೊನೆಯವರೆಗೆ ಕೇಳುವಂತೆ ಅವಳು ಮಾತಾಡಿದಳು.

"ಬೇಕು ಅನ್ನೋಕೆ ನಿಮಗೆ ಬರತ್ತೆ ಮಿಸ್ಟರ್ ಪ್ರೂಯಿಟ್. ನಾನು ಕೇಳಿದೀನಿ. ಅವತ್ತು ಮೀನಿಗೆ ಅಂದ್ರಿ. ಡೆಲ್ಫೀನಳ ರಕ್ತ ತಾಗಿದ ಮೀನನ್ನ ಎಸೀಲೇಬೇಕು ಅಂದ್ರಿ. ಅದೇ ಬಾಯಲ್ಲಿ ಈಗ ನನಗೆ ಅನ್ನಿ. ವರ್ನೀಸ್, ಯಂತ್ರ ಓಡ್ತಿರುವಾಗ ನೀನು ಕೈ ಹಾಕಲೇಬೇಕು ಅನ್ನಿ. ಜೋರಾಗಿ ಅನ್ನಿ, ಆ ಅಮ್ಮನಿಗೂ ಕೇಳಿಸ್ಲಿ."

ಅವನು ಮಿಸ್ ಕಾರ್ವರ್ ಕಡೆ ನೋಡಿದ. ಅವಳು ತಲೆಯನ್ನು ಒಂದಿಷ್ಟೇ ಆಡಿಸಿದಳು. ಬೇಡ ಎಂದು.

"ಇಮೋಜೀನ್!" ಎಂದು ಕೂಗಿದ. "ನೀನು ಬಂದು ಇದನ್ನ ಸ್ವಲ್ಪ ಬಿಡಿಸು ನೋಡೋಣ."

ಇಮೋಜೀನ್ ಬಂದಳು. ನೀಲಿ ಟೋಪಿ ಹೆಂಗಸರ ನಡುವೆ ದಾರಿ ಮಾಡಿಕೊಂಡು ಬರುತ್ತಿರುವುದನ್ನು ನೋಡಿ ವರ್ನೀಸ್ ಮನಸ್ಸಿನಲ್ಲೇ, ಇಲ್ಲಿಗೆ ಮುಗಿಯಿತು ಅಂದುಕೊಂಡಳು. ಇಮೋಜೀನ್ ಯಂತ್ರದ ಮುಂದೆ ನಿಂತಳು. ತಿರುಗುವ ಹಲ್ಲುಗಳನ್ನು ನೋಡಿದಳು. ಗೋಡೆಯ ಕೆಂಪಕ್ಷರ ನೋಡಿದಳು. ಆಮೇಲೆ ಅವಳೂ ಕೈ ಎತ್ತಿದಳು.

"ನೋಡಿದೆ ಮಿಸ್ಟರ್ ಪ್ರೂಯಿಟ್," ಎಂದಳು. "ಬಿಡಿಸಬಹುದು ಅನ್ಸತ್ತೆ. ನೀವು ತೋರಿಸಿಕೊಟ್ರೆ ಒಳ್ಳೇದು."

ಪ್ರೂಯಿಟ್ ತುಟಿ ಕಚ್ಚಿ ಮುಂದೆ ಬಂದ. ಅಂಗಿಯ ತೋಳು ಮೇಲೆ ಸರಿಸಿದ. ಎರಡು ಬೆರಳನ್ನು ಉರುಳೆಯ ಕಡೆ ಚಾಚಿದ. ಚರ್ಮದ ತುದಿ ಮೇಲೆ ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಅವನ ಬೆರಳು ಗಾಳಿಯಲ್ಲೇ ನಿಂತಿದ್ದವು. ಮಗುವಿನ ಬೆರಳಿನಂತೆ ಗುಲಾಬಿ ಬಣ್ಣದ, ಬೆಚ್ಚಗಿನ, ಎಲ್ಲವೂ ಇರುವ ಬೆರಳು. ಅವು ಮುಂದೆ ಹೋಗದ್ದನ್ನು ಲೈನಿನ ಹೆಂಗಸರೆಲ್ಲ ನೋಡಿದರು.

ಅವನು ಕೈ ಹಿಂದಕ್ಕೆಳೆದುಕೊಂಡ. ತಿರುಗಿ ಕೆಂಪು ಗುಂಡಿ ಒತ್ತಿದ.

ಗಂಟೆ ಹೊಡೆದುಕೊಂಡಿತು. ಬೆಲ್ಟು ನಿಂತಿತು.

"ಎಲ್ಲ ಸರಿ ಇದೆಯಾ?" ಎಂದು ವರ್ನೀಸ್ ಕೇಳಿದಳು.

ಅವನು ಅವಳ ಮುಖ ನೋಡಲಿಲ್ಲ. ಅವಳು ಕೈಗವಸು ತೆಗೆದು ಯಂತ್ರದ ಮೇಲಿಟ್ಟು ಮಿಸ್ ಕಾರ್ವರ್ ಕಡೆ ನಡೆದಳು. ಬೂಟಿನ ಕೆಳಗೆ ಮೀನು ಜಾರುತ್ತಿತ್ತು.

"ಸೋಮವಾರ ಹೇಳು ಅಂದಿದ್ರಿ. ಆಫೀಸು ಬೇಡ, ಇಲ್ಲೇ ಹೇಳ್ತೀನಿ. ಡೆಲ್ಫೀನ್ ತಾನಾಗಿ ಕೈ ಹಾಕಲಿಲ್ಲ. ಇವರು ಹಾಕಿಸಿದ್ರು. ಯಾವ ಮಾತಲ್ಲಿ ಹಾಕಿಸಿದ್ರು ಅಂತ ಈಗ ನೀವೇ ಕೇಳಿದ್ರಿ. ಇವರು ಯಾಕೆ ಹಾಕಲಿಲ್ಲ ಅಂತಾನೂ ನೀವೇ ನೋಡಿದ್ರಿ. ನಿಮ್ಮ ಪ್ಯಾಕಿಂಗ್ ಕೋಣೆ ನನಗೆ ಬೇಡ. ಎಲ್ಲಿ ಕರೆದ್ರೂ ಬಂದು ಇದನ್ನೇ ಹೇಳ್ತೀನಿ."

"ನಾನೂ," ಎಂದಳು ಕೀಯೋನಾ. ಹಿಂದಿನಿಂದ ಇನ್ನಷ್ಟು ದನಿಗಳು ಸೇರಿದವು. ಇಮೋಜೀನಳ ದನಿ ಅದರಲ್ಲಿತ್ತೋ ಇಲ್ಲವೋ ವರ್ನೀಸಳಿಗೆ ಗೊತ್ತಾಗಲಿಲ್ಲ. ತಿರುಗಿ ನೋಡಿದಾಗ ಇಮೋಜೀನ್ ನೀಲಿ ಟೋಪಿಯನ್ನು ಕೈಯಲ್ಲಿ ಹಿಡಿದು ಅದರ ಒಳಗನ್ನು ನೋಡುತ್ತಿದ್ದಳು. ಅವಳನ್ನು ಪೂರ್ತಿ ನಂಬಲು ವರ್ನೀಸಳಿಗೆ ಇನ್ನೂ ಆಗಲಿಲ್ಲ. ಆದರೆ ಅವಳ ಕೈ ಮೇಲೆದ್ದದ್ದನ್ನು ಕಣ್ಣಾರೆ ಕಂಡಿದ್ದಳು. ಇವತ್ತಿಗೆ ಅಷ್ಟು ಸಾಕಿತ್ತು.

ಮಿಸ್ ಕಾರ್ವರ್ ಗಂಟಲು ಸರಿಮಾಡಿಕೊಂಡಳು. ಮುಖದ ಮೇಲೆ ನಗು ತಂದುಕೊಂಡಳು. ಅವಳ ದನಿ ಕಾಫಿ ಕೊಟ್ಟ ದಿನದಷ್ಟೇ ಮೆತ್ತಗಿತ್ತು.

"ಎಲ್ರೂ ದಣಿದಿದೀರಿ ಅನ್ಸತ್ತೆ. ಇವತ್ತಿಗೆ ನೀವೆಲ್ಲ ಮನೆಗೆ ಹೋದ್ರೆ ಒಳ್ಳೇದೇನೋ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ನೀಸ್ ತನ್ನ ಯಂತ್ರದ ಬಳಿಗೆ ವಾಪಸು ನಡೆದಳು. ಮೀನು ತುಂಬುವ ಡಬ್ಬಿಯೊಂದನ್ನು ಬೋರಲು ಹಾಕಿ, ಲೈನಿಗೆ ಬಂದ ದಿನದಿಂದ ಮೊದಲ ಸಲ, ಲೈನಿನಲ್ಲಿ ಕೂತಳು. ಕೀಯೋನಾ ಇನ್ನೊಂದು ಡಬ್ಬಿ ಎಳೆದುಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು.

ಯಾರೂ ಮನೆಗೆ ಹೋಗಲಿಲ್ಲ. ಹೋಗಲೇಬೇಕು ಎಂದು ಯಾರೂ ಹೇಳಿರಲಿಲ್ಲ.